ರಾಜೀವ್ ಗಾಂಧಿ ಕೇಸು, ಕೋಣನಕುಂಟೆ ಮನೆ, ಎರಡು ಬ್ಯಾಟರಿ: ಸರ್ಕಾರಿ ತನಿಖೆನ ಎಷ್ಟು ನಂಬ್ಬೋದು?

ಕುಂಟೆಹುಡುಗ:
ನಮಸ್ಕಾರ ಎಲ್ರಿಗೂ. ಭಾನುವಾರ ಊಟದ ಹೊತ್ತಲ್ಲಿ ನಮ್ಮಪ್ಪಂಗೂ ನಂಗೂ ಶುರುವಾದ ಜಗಳ ಇದು, ಇನ್ನೂ ಮುಗ್ದಿಲ್ಲ, ಅದಕ್ಕೇ ಇಲ್ಲಿ ತಂದು ಹಾಕ್ತಿದೀನಿ. ನಮ್ಮನೆ ಕನಕಪುರ ರೋಡ್ ಪಕ್ಕ, ಕೋಣನಕುಂಟೆಗೆ ನಡ್ಕೊಂಡ್ ಹೋಗೋ ದೂರ. 1991ರಲ್ಲಿ ನಂಗೆ ಏಳು ವರ್ಷ, ಆಗ ಅದನ್ನ ಬೆಂಗಳೂರು ಅಂತ ಯಾರೂ ಕರೀತಿರ್ಲಿಲ್ಲ, ರಾಗಿ ಹೊಲ, ಮಧ್ಯ ಅಲ್ಲೊಂದು ಇಲ್ಲೊಂದು ಮನೆ. ಆಗಸ್ಟ್ 20, ಬೆಳಗಿನ ಜಾವ ಅಪ್ಪ ಹಾಲು ತರ್ತೀನಿ ಅಂತ ಸ್ಟೀಲ್ ಕ್ಯಾನ್ ಹಿಡ್ಕೊಂಡ್ ಹೋದವ್ರು ಖಾಲಿ ಕ್ಯಾನ್ ಜೊತೆಗೇ ವಾಪಸ್ ಬಂದು ಬಾಗ್ಲು ಹಾಕಿ ಚಿಲಕ ಹಾಕಿದ್ರು, ಅದೊಂದು ಚಿಲಕದ ಸದ್ದು ನಂಗೆ ಇವತ್ತಿಗೂ ನೆನಪಿದೆ. ಆಮೇಲೆ ಗೊತ್ತಾಯ್ತು, ರಾಜೀವ್ ಗಾಂಧಿ ಕೊಲೆ ಸಂಚು ನಡೆಸಿದ್ದ ಎಲ್‌ಟಿಟಿಇ (ಶ್ರೀಲಂಕಾದ ತಮಿಳು ಉಗ್ರ ಸಂಘಟನೆ) ಕಡೆಯ ಶಿವರಾಸನ್, ಶುಭಾ ಸೇರಿ ಏಳು ಜನ ಆ ಮನೆಲಿ ಸತ್ತಿದ್ರು. ಶಿವರಾಸನ್ ತಲೆಗೆ ಗುಂಡು ಹೊಡ್ಕೊಂಡಿದ್ದ, ಉಳಿದವ್ರು ಸೈನೈಡ್. ಅವತ್ತು ರಾಜೀವ್ ಗಾಂಧಿ ಹುಟ್ಟಿದ ದಿನ ಬೇರೆ.

ಅಪ್ಪ ಹೇಳೋದು ಇಷ್ಟು: ಮನೆ ಸುತ್ತುವರಿದ್ಮೇಲೂ ಗಂಟೆಗಟ್ಲೆ ಕಮಾಂಡೋಗಳಿಗೆ ಕಾಯ್ತಾ ಕೂತ್ರು, ಏಳು ಹೆಣ ಸಿಕ್ತು, ಬಾಯಿಬಿಡೋನು ಒಬ್ಬನೂ ಸಿಗ್ಲಿಲ್ಲ, ಇದು ಬೇಕಂತ್ಲೇ ಮಾಡಿದ್ದು. ನಾನು ಹೇಳೋದು, ಮೂರೇ ತಿಂಗಳಲ್ಲಿ ಕೊಲೆ ನಡೆದ ಶ್ರೀಪೆರಂಬದೂರಿಂದ ಕೋಣನಕುಂಟೆ ತನಕ ಜಾಡು ಹಿಡ್ಕೊಂಡ್ ಬಂದಿದಾರಲ್ಲ, ಅದು ಸಣ್ಣ ಕೆಲ್ಸನಾ? ವಿಶೇಷ ತನಿಖಾ ತಂಡದ (ಎಸ್‌ಐಟಿ) ಮುಖ್ಯಸ್ಥರಾಗಿದ್ದ ಕಾರ್ತಿಕೇಯನ್ ನಮ್ಮ ಕರ್ನಾಟಕ ಕೇಡರ್ ಅಧಿಕಾರಿನೇ. ನೀವೇನಂತೀರಿ?

ಸಂಶಯರಾಯ:
ನಿಮ್ಮಪ್ಪನ ಕಾಲಿಗೆ ಬೀಳ್ತೀನಿ ಗುರುವೇ, ಅವ್ರು ಹೇಳಿದ್ದೇ ಸರಿ. ಈ ದೇಶದಲ್ಲಿ ದೊಡ್ಡವ್ರ ಕೊಲೆ ಕೇಸು ಯಾವುದಾದ್ರೂ ನೆಟ್ಟಗೆ ಮುಗ್ದಿದ್ಯಾ? ಎಲ್.ಎನ್. ಮಿಶ್ರಾ ರೈಲ್ವೆ ಮಂತ್ರಿ, 1975ರ ಜನವರಿ 2ಕ್ಕೆ ಬಿಹಾರದ ಸಮಸ್ತಿಪುರ ಸ್ಟೇಷನ್‌ನಲ್ಲಿ ಬಾಂಬು, ಮಾರನೇ ದಿನ ಸತ್ರು, ಕೆಳಗಿನ ಕೋರ್ಟ್ ತೀರ್ಪು ಬಂದಿದ್ದು 2014ರ ಡಿಸೆಂಬರ್‌ನಲ್ಲಿ!! ಅದೂ ಅವ್ರ ಮನೆಯವ್ರೇ ಈ ತೀರ್ಪು ಒಪ್ಪಲ್ಲ ಅಂದ್ರು. ಎಲ್ಲಾ ಕಣ್ಣೊರೆಸೋ ನಾಟ್ಕ.

ಕರಿಕೋಟು:
ಕುಂಟೆಹುಡುಗ ಅವ್ರೇ, ಪ್ರಶ್ನೆನೇ ಸ್ವಲ್ಪ ಬಿಚ್ಚಿ ನೋಡ್ಬೇಕು. "ಸರ್ಕಾರಿ ತನಿಖೆ" ಅಂತ ಒಂದೇ ಮೂಟೆ ಕಟ್ಟಿದ್ರೆ ಗಂಜಿ ಯಾವ್ದು ತಿಳಿ ಯಾವ್ದು ಗೊತ್ತಾಗಲ್ಲ. ರಾಜೀವ್ ಕೇಸಲ್ಲೇ ಎಷ್ಟು ಇತ್ತು ನೋಡಿ: ಸಿಬಿಐ ಎಸ್‌ಐಟಿ ಕೊಂದವ್ರು ಯಾರು ಅಂತ ನೋಡ್ತು, ವರ್ಮಾ ಆಯೋಗ ಭದ್ರತೇಲಿ ಎಲ್ಲಿ ಎಡವಿದ್ರು ಅಂತ ನೋಡ್ತು, ಜೈನ್ ಆಯೋಗ ಸಂಚಿನ ಬಗ್ಗೆ ನೋಡ್ತು, ಆಮೇಲೆ 1998ರಲ್ಲಿ ಸಿಬಿಐ ಕೆಳಗೇ ಎಂಡಿಎಂಎ (ಹಲವು ಸಂಸ್ಥೆಗಳು ಸೇರಿದ ತನಿಖಾ ತಂಡ) ಅಂತ ಇನ್ನೊಂದು ಮಾಡಿ ದೊಡ್ಡ ಸಂಚು ಹುಡುಕಿ ಅಂದ್ರು. ಜೈನ್ ಆಯೋಗ ದೊಡ್ಡೋರ ಒಡನಾಟ ಇದ್ದ ತಾಂತ್ರಿಕ ಸ್ವಾಮಿ ಚಂದ್ರಾಸ್ವಾಮಿ ಪಾತ್ರದ ಬಗ್ಗೆ ಇನ್ನಷ್ಟು ತನಿಖೆ ಆಗ್ಲಿ ಅಂದಿತ್ತು, ಆ ವ್ಯಕ್ತಿ 2017ರಲ್ಲಿ ತೀರ್ಕೊಂಡ್ರು, ಈ ಕೇಸಲ್ಲಿ ಅವ್ರ ಮೇಲೆ ಚಾರ್ಜ್‌ಶೀಟೇ ಆಗ್ಲಿಲ್ಲ, 2022ರಲ್ಲಿ ಎಂಡಿಎಂಎನೇ ಮುಚ್ಚಿದ್ರು. ಇದ್ರಲ್ಲಿ ಯಾವ್ದನ್ನ ನಂಬೋದು ಅಂತ ಕೇಳಿ, ಆಗ ಉತ್ರ ಸಿಗುತ್ತೆ.

ಜನಕ್ಕೆ ಗೊತ್ತಿಲ್ದಿರೋ ಒಂದು ಮಾತು. ಆಯೋಗ ಬೇರೆ ಕೋರ್ಟ್ ಬೇರೆ. 1952ರ ವಿಚಾರಣಾ ಆಯೋಗ ಕಾಯ್ದೆ ಪ್ರಕಾರ ಆಯೋಗದ ಮುಂದೆ ಯಾರಾದ್ರೂ ಹೇಳಿದ್ದನ್ನ ತಗೊಂಡು ಅವ್ರ ಮೇಲೇ ಕೇಸಲ್ಲಿ ಬಳಸೋ ಹಂಗಿಲ್ಲ, ಸುಳ್ಳು ಸಾಕ್ಷಿ ಹೇಳಿದ್ರೆ ಆ ಕೇಸೊಂದು ಬಿಟ್ಟು. ವರದಿನ ಸರ್ಕಾರ ಒಪ್ಲೇಬೇಕು ಅಂತಾನೂ ಇಲ್ಲ. ಹಂಗಾಗಿ ಆಯೋಗ ಅನ್ನೋದು ಸರ್ಕಾರಕ್ಕೆ ಬಿಸಿ ತಣಿಸೋ ತಟ್ಟೆ ಇದ್ದಂಗೆ. ಕೆಲವು ಸಲ ತಟ್ಟೆನೇ ಕೈ ಸುಡುತ್ತೆ, ಜೈನ್ ಆಯೋಗದ ಮಧ್ಯಂತರ ವರದಿ 1997ರಲ್ಲಿ ಹೊರಗೆ ಬಂದಾಗ ಎಲ್‌ಟಿಟಿಇಗೆ ಡಿಎಂಕೆ ಆಸರೆ ಕೊಟ್ಟಿತ್ತು ಅನ್ನೋ ವಿಷ್ಯಕ್ಕೆ ಕಾಂಗ್ರೆಸ್ ಬೆಂಬಲ ವಾಪಸ್ ತಗೊಂಡು ಗುಜ್ರಾಲ್ ಸರ್ಕಾರನೇ ಬಿತ್ತು. ಕೊಲೆಗಾರ ಯಾರು ಅನ್ನೋದಕ್ಕಿಂತ ಕುರ್ಚಿ ಯಾರದು ಅನ್ನೋದಕ್ಕೆ ಜಾಸ್ತಿ ಉಪಯೋಗಕ್ಕೆ ಬಂತು ಆ ವರದಿ.

ಕುಂಟೆಹುಡುಗ:
ಸರ್ ಹಾಗಾದ್ರೆ ಎಸ್‌ಐಟಿ ಕೆಲ್ಸನ ನಂಬ್ಬೋದಾ?

ಕರಿಕೋಟು:
ಅರ್ಧ. ರಾತ್ರಿ ಬರೀತೀನಿ, ಈಗ ಕೋರ್ಟ್ ಹಾಲ್‌ನಲ್ಲಿದೀನಿ, ನಮ್ ಕೇಸ್ ಕರೆಯೋಕೆ ಬಂತು.

ಧಾರ್ವಾಡದಾಂವ:
ನಮಸ್ಕಾರ್ರಿ. ನಾ ಕಲ್ಯಾಣ ನಗರದ ಹತ್ರದಾಂವ. 2015 ಆಗಸ್ಟ್ 30, ರವಿವಾರ ಮುಂಜಾನೆ, ಕಲಬುರ್ಗಿ ಸರ್ ಮನ್ಯಾಗ ಗುಂಡು ಹೊಡದ್ರು ಅಂತ ಫೋನ್ ಬಂದಾಗ ನಂಬ್ಲಿಕ್ಕೇ ಆಗ್ಲಿಲ್ಲ, ಶಾಸನ ಓದೋ ಮನಷ್ಯಾಗ ಯಾರ್ ಗುಂಡು ಹೊಡೀತಾರ್ರಿ. ಅವತ್ತಿಂದ ಮುಂದ ಮೂರು ವರ್ಷ ಏನಾತು ಅಂತ ಕೇಳ್ರಿ. ಮೊದ್ಲು ಆಸ್ತಿ ಜಗಳ ಅಂದ್ರು, ಮನಿಯೊಳಗಿನ ತಂಟೆ ಅಂದ್ರು, ನಮ್ಮ ಓಣ್ಯಾಗ ಬಾಯಿಗೊಂದು ಕತಿ. ಸಿಐಡಿಗೆ ಕೊಟ್ರು, ಕಾಯ್ದು ಕಾಯ್ದು ಸಾಕಾತು. ಆಮ್ಯಾಲ 2017ರ ಸೆಪ್ಟೆಂಬರ್ 5ಕ್ಕ ಬೆಂಗಳೂರಾಗ ಗೌರಿ ಲಂಕೇಶ್ ಕೊಲಿ ಆತು. ಅಲ್ಲಿ ಸಿಕ್ಕ ಗುಂಡಿನ ಕೋಶ, ಇಲ್ಲಿ ಸಿಕ್ಕಿದ್ದ ಕೋಶ ಎರಡೂ ಎಫ್ಎಸ್ಎಲ್‌ನಾಗ (ವಿಧಿವಿಜ್ಞಾನ ಪ್ರಯೋಗಾಲಯ) ಜೋಡಿ ಮಾಡಿ ನೋಡಿದ್ರ 7.65 ಎಂಎಂ ನಾಡ ಪಿಸ್ತೂಲು, ಒಂದ ಪಿಸ್ತೂಲು ಅಂತ ಬಂತು. ಅಲ್ಲಿಗೆ ಆಸ್ತಿ ಜಗಳದ ಕತಿ ಮುಗೀತು ನೋಡ್ರಿ. 2019ರಾಗ ಸುಪ್ರೀಂ ಕೋರ್ಟ್ ಕಲಬುರ್ಗಿ ಕೇಸನ್ನೂ ಗೌರಿ ಕೇಸಿನ ಎಸ್‌ಐಟಿಗೇ ಕೊಡ್ತು.

ನಾ ಹೇಳೂದು ಏನಂದ್ರ, ಪೊಲೀಸ್ರು ಬಾಯಿಲೆ ಹೇಳಿದ್ದು ನಾ ನಂಬಂಗಿಲ್ಲ, ಅದು ಯಾವ ಪಾರ್ಟಿ ಸರ್ಕಾರ ಇದ್ರೂ ಅಷ್ಟ. ಆದ್ರ ಹಿತ್ತಾಳಿ ಕೋಶದ ಹಿಂದ ಫೈರಿಂಗ್ ಪಿನ್ ಬಿದ್ದ ಗುರ್ತು ಇರ್ತದಲ್ರಿ, ಅದಕ್ಕ ಪಾರ್ಟಿ ಇಲ್ಲ.

ಸಂಶಯರಾಯ:
ಆ ಕೋಶನ ಡಬ್ಬಿಗೆ ಹಾಕಿ ಸೀಲ್ ಮಾಡೋನು ಮನುಷ್ಯನೇ ಅಲ್ವಾ ಸರ್?

ಧಾರ್ವಾಡದಾಂವ:
ಖರೆ ಅದ. ಅದಕ್ಕ ಒಪ್ಪತೀನಿ.

ಮದ್ದೂರ್ವಡೆ:
ಸೀಲ್ ಅಂದ್ರಲ್ಲ, ನಂದೊಂದ್ ಕಥೆ ಕೇಳಿ. ಇದು ರಾಜಕೀಯದ್ದಲ್ಲ, ಸಣ್ಣ ಕೇಸು. ಆಗ ನಂದು ಟೀ ಅಂಗಡಿ, ಒಂದ್ ಸ್ಟೇಷನ್ ಪಕ್ಕ, ಯಾವೂರು ಅಂತ ಹೇಳಕ್ಕಿಲ್ಲ. ಒಂದಿನ ಸಾಯಂಕಾಲ ಪೇದೆ ಬಂದು ಅಣ್ಣ ಬಾ ಒಂದ್ ಸೈನ್ ಹಾಕ್ಬುಟ್ಟು ಹೋಗುವಂತೆ ಅಂದ. ಹೋದ್ರೆ ಮಹಜರ್ ಹಾಳೆ, ಪಂಚ (ಕಣ್ಣಾರೆ ಕಂಡ ಸಾಕ್ಷಿ) ಅಂತ ನನ್ನೆಸ್ರು ಆಗ್ಲೇ ಬರ್ದವ್ರೆ, ಮೇಲ್ಗಡೆ ಅರ್ಧ ಹಾಳೆ ಖಾಲಿ. ಓದ್ಲಾ ಅಂದೆ, ಓದೋಕೇನೈತೆ ಆಮೇಲೆ ತುಂಬ್ತೀವಿ ಅಂದ್ರು ರೈಟ್ರು. ಸ್ಟವ್ ಮೇಲೆ ಹಾಲು ಇಟ್ಟು ಬಂದಿದ್ದೆ, ಉಕ್ಕೋಯ್ತದೆ ಅಂತ ಸೈನ್ ಹಾಕ್ಬುಟ್ಟೆ, ಅದೂ ಮೂರ್ ಹಾಳೆಗೆ. ನಾಲ್ಕು ವರ್ಷ ಆದ್ಮೇಲೆ ಕೋರ್ಟಿಂದ ಸಮನ್ಸು. ಕಟಕಟೆಲಿ ನಿಲ್ಸಿ, ಈ ಮಚ್ಚು ನಿಮ್ಮ ಸಮಕ್ಷಮ ಇಂಥ ಹೊಲದ ಬದುವಿನಿಂದ ತೆಗೆದಿದ್ದು ನಿಜವೇ ಅಂದ್ರು. ನಾನು ಆ ಹೊಲನೂ ಕಂಡಿಲ್ಲ ಮಚ್ಚೂ ಕಂಡಿಲ್ಲ, ಹಂಗೇ ಹೇಳ್ದೆ. ಸರ್ಕಾರಿ ವಕೀಲ್ ಸಾಹೇಬ್ರು ನನ್ನ ಪ್ರತಿಕೂಲ ಸಾಕ್ಷಿ ಅಂದ್ರು. ಆರೋಪಿ ಬಿಡುಗಡೆ ಆದ.

ಆಮೇಲ್ ಊರೆಲ್ಲ ಏನ್ ಮಾತಾಡ್ಕಂಡ್ರು ಗೊತ್ತಾ? ಟೀ ಅಂಗಡಿಯೋನು ದುಡ್ ತಗಂಡು ಉಲ್ಟಾ ಹೊಡ್ದ ಅಂತ. ಆ ಹುಡ್ಗನೇ ಮಾಡಿದ್ದು ಅಂತ ನಂಗೂ ಗೊತ್ತು ಕಣಣ್ಣ, ಊರಿಗೆಲ್ಲ ಗೊತ್ತು. ನಿಜವಾದ ಕಳ್ಳನ್ನೇ ಹಿಡ್ದಿದ್ರು, ಕಾಗದ ಮಾತ್ರ ಸುಳ್ಳು ಮಾಡಿದ್ರು.

ಕುಂಟೆಹುಡುಗ:
ಅಣ್ಣ ಕೊನೇ ಲೈನ್ ಎರಡು ಸಲ ಓದ್ದೆ.

ಡಲ್ಲಾಸ್‌ಮಾವ:
ಇಲ್ಲಿ ಅಮೆರಿಕಾದಲ್ಲಿ ಕೂತು ಈ ಚರ್ಚೆ ಓದ್ತಾ ಇದ್ರೆ ನಗು ಬರುತ್ತೆ, ಯಾಕಂದ್ರೆ ನಮ್ಮೂರಿನ ಮುಖ್ಯ ಪ್ರವಾಸಿ ತಾಣನೇ ಒಂದು ರಾಜಕೀಯ ಕೊಲೆ ನಡೆದ ಜಾಗ. ಮೈಸೂರಿಂದ ಯಾರು ನೆಂಟರು ಬಂದ್ರೂ ಡೀಲಿ ಪ್ಲಾಜಾಗೆ ಕರ್ಕೊಂಡು ಹೋಗ್ಬೇಕು. ಎಲ್ಮ್ ರಸ್ತೆ ಮೇಲೆ ಬಿಳಿ ಬಣ್ಣದಲ್ಲಿ ಗುಣಾಕಾರದ ಗುರುತು ಹಾಕಿರ್ತಾರೆ, 1963ರಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ತಗಲಿದ ಜಾಗ ಅಂತ, ಸಿಗ್ನಲ್ ಕೆಂಪು ಬಿದ್ದಾಗ ಜನ ಓಡಿ ಹೋಗಿ ಅದರ ಮೇಲೆ ನಿಂತು ಫೋಟೋ ತೆಗ್ಸ್ಕೊಳ್ತಾರೆ, ನನ್ನ ಭಾವಮೈದ ಒಬ್ಬ ಕಾರಿನ ಹಾರ್ನ್ ಕೇಳಿ ಬಿದ್ದು ಮೊಣಕಾಲು ತರ್ಚ್ಕೊಂಡಿದ್ದ. ಪಕ್ಕದಲ್ಲಿ ಒಬ್ಬ ಟೇಬಲ್ ಹಾಕ್ಕೊಂಡು ಸಂಚಿನ ಪೇಪರ್ ಮಾರ್ತಿರ್ತಾನೆ. ಗುಂಡು ಹಾರಿದ ಕಟ್ಟಡದ ಆರನೇ ಮಹಡಿ ಈಗ ಮ್ಯೂಸಿಯಂ, ಆ ಮೂಲೆ ಕಿಟಕಿನ ಗಾಜು ಹಾಕಿ ಮುಚ್ಚಿದಾರೆ, ಪಕ್ಕದ ಕಿಟಕಿಯಿಂದ ಕೆಳಗೆ ನೋಡಿದ್ರೆ ಒಂದು ವಿಷ್ಯ ಹೊಳೆಯುತ್ತೆ: ರಸ್ತೆ ಎಷ್ಟು ಹತ್ರ! ತಲೆಗೆ ತಗಲಿದ ಗುಂಡು ಸುಮಾರು 80 ಮೀಟರ್ ದೂರದಿಂದ. ಟಿವಿಲಿ ನೋಡಿ ಸಾಧ್ಯನೇ ಇಲ್ಲ ಅಂತಿದ್ದ ನಾನು ಅಲ್ಲಿ ನಿಂತ್ಮೇಲೆ ಬಾಯಿ ಮುಚ್ಕೊಂಡೆ.

ಹಾಗಂತ ಆ ಕೊಲೆ ತನಿಖೆ ಮಾಡಿದ ವಾರನ್ ಆಯೋಗ ಸತ್ಯಹರಿಶ್ಚಂದ್ರ ಅಂತಲ್ಲ. 1964ರಲ್ಲಿ ಆಸ್ವಾಲ್ಡ್ ಒಬ್ಬನೇ ಮಾಡಿದ್ದು ಅಂದ್ರು. ಆದ್ರೆ ಆಸ್ವಾಲ್ಡ್ ಕೊಲೆಗೆ ಕೆಲವೇ ದಿನ ಮುಂಚೆ ಡಲ್ಲಾಸ್‌ನ ಎಫ್‌ಬಿಐ ಆಫೀಸಿಗೆ ಒಂದು ಚೀಟಿ ಕೊಟ್ಟು ಹೋಗಿದ್ದ, ಕೊಲೆ ಆದ್ಮೇಲೆ ಮೇಲಧಿಕಾರಿ ಮಾತಿನ ಮೇಲೆ ಅದನ್ನ ಹರಿದು ಬಿಸಾಕಿದ್ರು, ಆಯೋಗಕ್ಕೆ ಗೊತ್ತೇ ಆಗ್ಲಿಲ್ಲ, 1975ರಲ್ಲಿ ಹೊರಗೆ ಬಂತು. ಗುಪ್ತಚರ ಸಂಸ್ಥೆ ಸಿಐಎ ಕ್ಯೂಬಾದ ಕ್ಯಾಸ್ಟ್ರೋನ ಕೊಲ್ಲೋಕೆ ನೋಡ್ತಿತ್ತು ಅನ್ನೋದನ್ನೂ ಆಯೋಗಕ್ಕೆ ಹೇಳ್ಲಿಲ್ಲ, ಮಜಾ ಅಂದ್ರೆ ಆಯೋಗದ ಸದಸ್ಯರಲ್ಲಿ ಒಬ್ಬ ಸಿಐಎ ಮಾಜಿ ಮುಖ್ಯಸ್ಥ ಅಲೆನ್ ಡಲ್ಲೆಸ್. 1979ರಲ್ಲಿ ಸಂಸತ್ತಿನ ಸಮಿತಿ ಬಹುಶಃ ಸಂಚು ಇತ್ತು ಅಂತು, ಪೊಲೀಸ್ ರೇಡಿಯೋ ರೆಕಾರ್ಡಿಂಗ್‌ನಲ್ಲಿ ನಾಲ್ಕನೇ ಗುಂಡಿನ ಸದ್ದಿದೆ ಅಂತ. 1982ರಲ್ಲಿ ವಿಜ್ಞಾನಿಗಳ ತಂಡ ಅದು ಗುಂಡಿನ ಸದ್ದಲ್ಲ ಅಂತು. ಯಾವ ಸರ್ಕಾರಿ ವರದಿ ನಂಬ್ತೀರಿ ಈಗ, ಮೂರೂ ಸರ್ಕಾರದ ದುಡ್ಡಲ್ಲೇ ಆಗಿದ್ದು!

ನನ್ನ ಅನ್ಸಿಕೆ: ಆ ಚೀಟಿ ಹರಿದವ್ರು ಕೊಲೆಗಾರನ್ನ ಉಳ್ಸೋಕೆ ಹರಿದಿದ್ದಲ್ಲ. ನಮ್ಮ ಕಣ್ಣೆದುರೇ ಬಂದಿದ್ದ, ಬಿಟ್ಟು ಕಳ್ಸಿದ್ವಿ ಅನ್ನೋ ಮರ್ಯಾದೆ ಪ್ರಶ್ನೆಗೆ ಹರಿದಿದ್ದು.

ಕರಿಕೋಟು:
ಬಂದೆ. ಡಲ್ಲಾಸ್‌ಮಾವ ಹೇಳಿದ್ದು ಗಾಂಧೀಜಿ ಕೊಲೇಲೂ ಹಂಗೇ ಇದೆ. 1948ರ ಜನವರಿ 20ಕ್ಕೇ ಬಿರ್ಲಾ ಹೌಸ್‌ನಲ್ಲಿ ಮದನ್‌ಲಾಲ್ ಪಹ್ವಾ ಸ್ಫೋಟ ಮಾಡಿ ಸಿಕ್ಕಿಬಿದ್ದ. ಬಾಂಬೆಯ ಪ್ರೊಫೆಸರ್ ಜೆ.ಸಿ. ಜೈನ್ ತಾವೇ ಹೋಗಿ ಬಾಂಬೆ ಪ್ರಾಂತ್ಯದ ಆಗಿನ ಗೃಹ ಮಂತ್ರಿ ಮೊರಾರ್ಜಿ ದೇಸಾಯಿಗೆ ತಮಗೆ ಗೊತ್ತಿದ್ದನ್ನ ಹೇಳಿದ್ರು. ಇನ್ನೂ ಹತ್ತು ದಿನ ಟೈಮಿತ್ತು. 30ಕ್ಕೆ ಗೋಡ್ಸೆ ಅದೇ ಜಾಗಕ್ಕೆ ಮತ್ತೆ ಬಂದ. ದಿಲ್ಲಿ ಪೊಲೀಸ್, ಬಾಂಬೆ ಪೊಲೀಸ್ ಎಲ್ಲೆಲ್ಲಿ ಕೈಚೆಲ್ಲಿದ್ರು ಅಂತ ವಿವರವಾಗಿ ಬರೆದಿದ್ದು ಕಪೂರ್ ಆಯೋಗ, ಯಾವಾಗ? 1969ರಲ್ಲಿ.

ಈಗ ರಾಜೀವ್ ಕೇಸಿಗೆ ಬರ್ತೀನಿ, ಅರ್ಧ ಅಂದಿದ್ನಲ್ಲ. ನಂಬೋ ಅರ್ಧ ಯಾವ್ದು ಅಂದ್ರೆ ಹರಿಬಾಬು ಕ್ಯಾಮೆರಾ. ಆ ಫೋಟೋಗ್ರಾಫರ್ ಹಂತಕರ ಜೊತೆನೇ ಬಂದಿದ್ದ, 1991ರ ಮೇ 21ರ ರಾತ್ರಿ ಸ್ಫೋಟದಲ್ಲಿ ಸತ್ತ, ಕ್ಯಾಮೆರಾ ಮಾತ್ರ ಉಳೀತು. ಅದ್ರಲ್ಲಿ ಹತ್ತು ಫೋಟೋ. ಗಂಧದ ಹಾರ ಹಿಡ್ಕೊಂಡು ನಿಂತಿರೋ ಮಾನವ ಬಾಂಬ್ ಧನು, ಬಿಳಿ ಕುರ್ತಾ ಹಾಕ್ಕೊಂಡು ಪತ್ರಕರ್ತನ ಥರ ನಿಂತಿರೋ ಶಿವರಾಸನ್. ಇದನ್ನ ಯಾವ ಇನ್‌ಸ್ಪೆಕ್ಟರ್ರೂ ಹೊಡೆದು ಬಡಿದು ಹೇಳ್ಸಿದ್ದಲ್ಲ. ಎಲ್‌ಟಿಟಿಇ ಅಲ್ಲ ಅನ್ನೋರು ಮೊದ್ಲು ಆ ಹತ್ತು ಫೋಟೋಗೆ ಉತ್ರ ಕೊಡ್ಬೇಕು.

ನಂಬದ ಅರ್ಧ ಬ್ಯಾಟರಿ. ಪೇರರಿವಾಳನ್ ಅರೆಸ್ಟ್ ಆದಾಗ 19 ವರ್ಷ. ಎರಡು 9 ವೋಲ್ಟ್ ಬ್ಯಾಟರಿ ತಂದು ಶಿವರಾಸನ್‌ಗೆ ಕೊಟ್ಟೆ ಅಂತ ತಪ್ಪೊಪ್ಪಿಗೆ, ಬಾಂಬಿಗೆ ಬಳಸಿದ್ದು ಅದೇ ಅನ್ನೋದು ಕೇಸು. ಮಾಮೂಲಿ ಕಾನೂನಲ್ಲಿ ಪೊಲೀಸರ ಮುಂದೆ ಒಪ್ಕೊಂಡಿದ್ದು ಸಾಕ್ಷಿನೇ ಅಲ್ಲ, ಬ್ರಿಟಿಷ್ರ ಕಾಲದಿಂದ್ಲೂ ಅಲ್ಲ, ಯಾಕಂದ್ರೆ ಪೊಲೀಸ್ ಹೆಂಗೆ ಒಪ್ಪಿಸ್ತಾರೆ ಅಂತ ಬ್ರಿಟಿಷ್ರಿಗೂ ಗೊತ್ತಿತ್ತು. ಆದ್ರೆ ಆಗ ಇದ್ದ ಭಯೋತ್ಪಾದನೆ ತಡೆ ಕಾಯ್ದೆ ಟಾಡಾದ 15ನೇ ಸೆಕ್ಷನ್ ಪ್ರಕಾರ ಎಸ್ಪಿ ಬರ್ಕೊಂಡ್ರೆ ಸಾಕು. 1998ರ ಜನವರಿ 28ಕ್ಕೆ ಟಾಡಾ ಕೋರ್ಟ್ 26 ಜನಕ್ಕೆ 26ಕ್ಕೂ ಗಲ್ಲು ಅಂತು. ಕೋಣನಕುಂಟೆಲಿ ಅವ್ರಿಗೆ ಜಾಗ ಕೊಟ್ಟಿದ್ದ ಸ್ಥಳೀಯನಿಗೂ ಗಲ್ಲು! 1999ರ ಮೇ 11ಕ್ಕೆ ಸುಪ್ರೀಂ ಕೋರ್ಟ್ ಟಾಡಾ ಅಪರಾಧ ನಿಲ್ಲಲ್ಲ ಅಂತು, 19 ಜನ ಹೊರಗೆ, ನಾಲ್ಕು ಜನಕ್ಕೆ ಗಲ್ಲು, ಮೂವರಿಗೆ ಜೀವಾವಧಿ. ಆದ್ರೆ ಅದೇ ಟಾಡಾ ಕೆಳಗೆ ಬರ್ಕೊಂಡ ತಪ್ಪೊಪ್ಪಿಗೆ ಮಾತ್ರ ನಡಿಯುತ್ತೆ ಅಂತ ಇಟ್ಕೊಂಡ್ರು. ಪೇರರಿವಾಳನ್ ಹೆಸ್ರು ಗಲ್ಲಿನ ನಾಲ್ಕರಲ್ಲಿ.

2013ರಲ್ಲಿ ಆ ಹೇಳಿಕೆ ಬರ್ಕೊಂಡ ಅಧಿಕಾರಿ ತ್ಯಾಗರಾಜನ್ ರಿಟೈರ್ ಆದ್ಮೇಲೆ ಬಾಯಿಬಿಟ್ರು: ಬ್ಯಾಟರಿ ಯಾತಕ್ಕೆ ಅಂತ ನಂಗೆ ಗೊತ್ತಿರ್ಲಿಲ್ಲ ಅಂತ ಆ ಹುಡುಗ ಹೇಳಿದ್ದ, ಅದನ್ನ ನಾನು ಬರ್ಕೊಳ್ಳಲಿಲ್ಲ. ಒಂದೇ ಒಂದು ವಾಕ್ಯ. ಮದ್ದೂರ್ವಡೆ ಅಣ್ಣನ ಹಾಳೇಲಿ ಮೇಲ್ಗಡೆ ಖಾಲಿ ಇತ್ತು, ಇಲ್ಲಿ ಕೆಳಗಡೆ ಒಂದು ಸಾಲು ಬಿಟ್ರು.

ಸಂಶಯರಾಯ:
ಅಲ್ಲಿಗೆ ನಾನು ಹೇಳಿದ್ದೇ ಆಯ್ತಲ್ಲ ಸರ್, ನಿರಪರಾಧಿನ 31 ವರ್ಷ ಒಳಗಿಟ್ರು, 2022ರಲ್ಲಿ ಕೋರ್ಟೇ ನಿರ್ದೋಷಿ ಅಂತು.

ಕರಿಕೋಟು:
ಇಲ್ಲ, ಇಲ್ಲೇ ಜನ ಎಡವೋದು. 2022ರ ಮೇ 18ಕ್ಕೆ ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿ (ಸುಪ್ರೀಂ ಕೋರ್ಟಿಗಿರೋ ವಿಶೇಷ ಅಧಿಕಾರ) ಬಳಸಿ ಬಿಡುಗಡೆ ಮಾಡ್ತು, ಬಿಡುಗಡೆ ಮಾಡಿ ಅನ್ನೋ ತಮಿಳುನಾಡು ಸಂಪುಟದ ಶಿಫಾರಸನ್ನ ರಾಜ್ಯಪಾಲರು ವರ್ಷಗಟ್ಲೆ ಇಟ್ಕೊಂಡು ಕೂತಿದ್ದು ತಪ್ಪು ಅಂತ. ನಿರ್ದೋಷಿ ಅಂತ ಎಲ್ಲೂ ಬರೆದಿಲ್ಲ. ಉಳಿದ ಆರು ಜನ ನವೆಂಬರ್ 11ಕ್ಕೆ ಹೊರಗೆ ಬಂದಿದ್ದೂ ಹಂಗೇ. ನೀವು ಪೊಲೀಸ್ರು ಒಂದು ಸಾಲು ಬಿಟ್ರು ಅಂತ ಬೈತೀರಿ, ನೀವೇ ಒಂದು ಸಾಲು ಸೇರ್ಸ್ತಿದೀರಿ.

ಸಂಶಯರಾಯ:
😐 ಸರಿ ಸ್ವಾಮಿ. ಆದ್ರೂ ಒಂದು ಕೇಳ್ತೀನಿ, ನಂಬಿಕೆ ಬರೋ ಹಂಗೆ ಮಾಡಿದ ದೇಶ ಯಾವ್ದಾದ್ರೂ ಇದ್ಯಾ?

ಡಲ್ಲಾಸ್‌ಮಾವ:
ಸ್ವೀಡನ್ ಅಂತೀರೇನೋ ಅಂದ್ಕೊಂಡೆ, ಅದೂ ಇಲ್ಲ. ಪ್ರಧಾನಿ ಪಾಲ್ಮೆ 1986ರ ಫೆಬ್ರವರಿ 28ರ ರಾತ್ರಿ ಹೆಂಡ್ತಿ ಜೊತೆ ಸಿನಿಮಾ ನೋಡಿ ನಡ್ಕೊಂಡ್ ಹೋಗ್ತಿದ್ದಾಗ ಕೊಂದ್ರು. ಒಬ್ಬನಿಗೆ 1989ರಲ್ಲಿ ಶಿಕ್ಷೆ ಆಯ್ತು, ಅದೇ ವರ್ಷ ಮೇಲ್ಮನವೀಲಿ ಬಿಟ್ರು, 2020ರಲ್ಲಿ ಇಪ್ಪತ್ತು ವರ್ಷದ ಹಿಂದೆ ಸತ್ತಿದ್ದ ಇನ್ನೊಬ್ಬನ ಕಡೆ ಕೈ ತೋರ್ಸಿ ಫೈಲ್ ಮುಚ್ಚಿದ್ರು.

ನಿರ್ವಾಹಕ:
ಮಧ್ಯದಲ್ಲಿ ಬಂದ ಮೂರು ಕಾಮೆಂಟ್ ತೆಗ್ದಿದೀನಿ. ಯಾವ ಪಾರ್ಟಿ ಯಾರನ್ನ ಕೊಲ್ಸಿತು ಅಂತ ವಾಟ್ಸಾಪ್ ಫಾರ್ವರ್ಡ್ ಇಲ್ಲಿ ಬೇಡ. ತಮಿಳರು ಕನ್ನಡಿಗರು ಅಂತ ತಿರುಗಿಸೋದೂ ಬೇಡ.

ಧಾರ್ವಾಡದಾಂವ:
ಸರ, ಒಂದು ಮಾತು. ಮೂಢನಂಬಿಕಿ ವಿರುದ್ಧ ಹೋರಾಡ್ತಿದ್ದ ದಾಭೋಲ್ಕರ್ ಅವ್ರ ಕೊಲಿ ಕೇಸು ನೋಡ್ರಿ, ಪುಣೆದಾಗ 2013ರ ಆಗಸ್ಟ್ 20. ಸಿಬಿಐ ಮೊದಲಿನ ಚಾರ್ಜ್‌ಶೀಟಿನಾಗ ಗುಂಡು ಹೊಡೆದವ್ರು ಇವ್ರಿಬ್ರು ಅಂತ ಬರೀತು, 2018ರಾಗ ಅಲ್ಲ ಅಲ್ಲ ಬ್ಯಾರೆ ಇಬ್ರು ಅಂತ ಬದ್ಲಿ ಮಾಡ್ತು. 2024ರ ಮೇದಾಗ ಆ ಎರಡನೇ ಜೋಡಿಗೆ ಜೀವಾವಧಿ ಆತು, ಮೂವರು ಬಿಡುಗಡೆ. ಹೊಡೆದಾಂವ ಸಿಕ್ಕ, ಹೊಡಸಿದಾಂವ ಸಿಗಲಿಲ್ಲ. ನಮ್ಮ ಕಡೆ ಕೇಸು ಇನ್ನೂ ಕೋರ್ಟಿನಾಗ ಅದ, ಅದರ ಬಗ್ಗೆ ನಾ ಏನೂ ಅನ್ನಂಗಿಲ್ಲ. ಆದ್ರ ಕುಂಟೆಹುಡುಗ ಅವ್ರ ತಂದಿಯವ್ರು ಕೇಳೂದು ಇದನ್ನ ಅಂತ ನನಗ ಅನಸ್ತದ. ಅವ್ರಿಗೆ ಶಿವರಾಸನ್ ಯಾರು ಅಂತ ಗೊತ್ತದ. ಅವನ ಹಿಂದಿನಾಂವ ಯಾರು ಅಂತ ಕೇಳಾಕತ್ತಾರ.

ಮದ್ದೂರ್ವಡೆ:
ನಮ್ ಮಂಡ್ಯ ಕಡೆನೂ ಮುತ್ತತ್ತಿಲಿ ಅಡಗಿದ್ದ ಎಲ್‌ಟಿಟಿಇ ಹುಡುಗ್ರು ಆಗ ಪೊಲೀಸ್ ಬಂದೇಟ್ಗೆ ಸೈನೈಡ್ ಕಚ್ಚಿದ್ರು. ಕತ್ತಿಗೆ ಕಟ್ಕಂಡೇ ತಿರುಗ್ತಿದ್ರು ಅದನ್ನ. ಅಂತೋರ್ನ ಜೀವಂತ ಹಿಡಿಯೋದು ಹೆಂಗೆ ಅಂತ ನಿಮ್ಮಪ್ಪಾಜಿಗೆ ಕೇಳಿ. ಬೇಗ ನುಗ್ಗಿದ್ರೂ ಸಾಯೋರೆ, ತಡ ಮಾಡಿದ್ರೂ ಸಾಯೋರೆ.

ಕುಂಟೆಹುಡುಗ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅಪ್ಪಂಗೆ ಈ ಚರ್ಚೆ ಪೂರ್ತಿ ಓದಿ ಹೇಳ್ದೆ, ಕನ್ನಡಕ ತೆಗ್ದು ಕಣ್ಮುಚ್ಕೊಂಡು ಕೇಳಿದ್ರು. ಕ್ಯಾಮೆರಾ ವಿಷ್ಯಕ್ಕೆ ಹೂಂ ಅಂದ್ರು. ಬ್ಯಾಟರಿ ವಿಷ್ಯಕ್ಕೆ ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಆ ಹುಡುಗನ ತಾಯಿ ಇದಾರಾ ಅಂತ ಕೇಳಿದ್ರು, ಮಗನಿಗಾಗಿ ಮೂವತ್ತು ವರ್ಷ ಓಡಾಡಿದ ಅರ್ಪುತಮ್ಮಾಳ್ ಬಗ್ಗೆ ಹೇಳ್ದೆ. ಮದ್ದೂರ್ವಡೆ ಅಣ್ಣನ ಮಹಜರ್ ಕಥೆಗೆ ಜೋರಾಗಿ ನಕ್ಕು, ನಾನೂ ಹಾಕಿದೀನಿ ಅಂದ್ರು.

ಏನು ಹಾಕಿದೀರಿ ಅಂದೆ. ಸೈನು, ಅಂದ್ರು. ಆ ಗಲಾಟೆ ಆದ್ಮೇಲೆ ಬೀದಿ ಬೀದಿಲಿ ಪೊಲೀಸ್ ಬಂದು ಬಾಡಿಗೆದಾರರ ಹೆಸ್ರು ಕೇಳ್ತಿದ್ರಂತೆ, ನಮ್ಮ ಔಟ್‌ಹೌಸಲ್ಲಿ ಆಗ ಸೇಲಂ ಕಡೆಯ ಒಬ್ಬ ಗಾರೆ ಮೇಸ್ತ್ರಿ ಇದ್ದ, ಅವನ ಬಗ್ಗೆ ಒಂದು ಹಾಳೆ ಬರ್ಕೊಂಡು ಸೈನ್ ಹಾಕಿ ಅಂದ್ರಂತೆ, ಹಾಕಿದಾರೆ. ಏನ್ ಬರೆದಿತ್ತು ಅಪ್ಪ ಅಂದ್ರೆ, ಓದ್ಲಿಲ್ಲ ಕಣೋ, ಅಂತಾರೆ. ಆ ಮೇಸ್ತ್ರಿ ಆ ವಾರನೇ ಮನೆ ಖಾಲಿ ಮಾಡ್ಕೊಂಡು ಹೋದ. ಅವನ ಒಂದು ಕರಣೆ ನಮ್ಮ ಅಟ್ಟದ ಮೇಲೆ ಈಗ್ಲೂ ಇದೆ.